ಬಿಸಿಲಿಗೆ 200, ಆಟಕ್ಕೆ 1600: ಕಪ್ಪುಬಿಳುಪು ಫಿಲ್ಮಿಗೆ ಯಾವ ರೇಟಿಂಗ್, ಯಾವ ಡೆವಲಪರ್?

ಪ್ರಶ್ನೆ: ನಾನು ಕುಂದಾಪುರದ ಹತ್ತಿರದವನು. ಅಪ್ಪನ ಹಳೇ ಎಸ್‌ಎಲ್‌ಆರ್ ಕ್ಯಾಮೆರಾ ರಿಪೇರಿ ಮಾಡಿಸಿ, ಇಲ್ಫರ್ಡ್ ಎಚ್‌ಪಿ5 ಪ್ಲಸ್ ಫಿಲ್ಮ್ ತರಿಸಿದ್ದೇನೆ. ಹಗಲು ಗಂಗೊಳ್ಳಿ ಬಂದರಿನಲ್ಲಿ, ರಾತ್ರಿ ಯಕ್ಷಗಾನದಲ್ಲಿ ಫೋಟೋ ತೆಗೆಯುವ ಆಸೆ. ಡಬ್ಬಿ ಮೇಲೆ 400 ಅಂತಿದೆ. ಒಬ್ಬರು 200ಕ್ಕೆ ಇಟ್ಟು ತೆಗಿ ಅಂತಾರೆ, ಇನ್ನೊಬ್ಬರು 1600ಕ್ಕೆ ಪುಶ್ ಮಾಡು ಅಂತಾರೆ. ಡೆವಲಪರ್ ಕೇಳಿದರೆ ಡಿ-76, ರೋಡಿನಾಲ್, ಎಕ್ಸ್‌ಟಾಲ್, ಎಚ್‌ಸಿ-110 ಅಂತ ಒಬ್ಬೊಬ್ಬರದು ಒಂದೊಂದು ಮಾತು. ಮನೆಯಲ್ಲೇ ತೊಳೆಯಬೇಕು, ನಮ್ಮ ಬಾವಿ ನೀರು 28–29 ಡಿಗ್ರಿ ಇರುತ್ತದೆ. ಏನು ಮಾಡಲಿ?

ಉತ್ತರ: ನಿಮಗೆ ಹೇಳಿದವರು ಇಬ್ಬರೂ ಸರಿ. ಒಬ್ಬರು ಬಿಸಿಲಿನ ಮಾತು ಹೇಳಿದ್ದಾರೆ, ಇನ್ನೊಬ್ಬರು ರಾತ್ರಿಯ ಮಾತು. ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಫಿಲ್ಮ್ ಬದಲಿಸಬೇಡಿ, ಎಚ್‌ಪಿ5 ಇರಲಿ. ಡೆವಲಪರ್, ಅಂದರೆ ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣ, ಡಿ-76 ತೆಗೆದುಕೊಳ್ಳಿ, ಅಥವಾ ಅದರದೇ ಇಲ್ಫರ್ಡ್ ರೂಪವಾದ ಐಡಿ-11. ಇನ್ನು ರೇಟಿಂಗ್, ಅಂದರೆ ಕ್ಯಾಮೆರಾದ ಬೆಳಕಿನ ಮೀಟರಿನಲ್ಲಿ ಇಡುವ ಫಿಲ್ಮಿನ ನಂಬರ್ (ಅದು ಅರ್ಧವಾದರೆ ಫಿಲ್ಮಿಗೆ ಬೀಳುವ ಬೆಳಕು ಎರಡು ಪಟ್ಟು): ಬಿಸಿಲಿನ ಬಂದರಿಗೆ 200, ಮಳೆಗಾಲದ ಮೋಡಕ್ಕೆ 400, ಆಟಕ್ಕೆ, ಅಂದರೆ ಯಕ್ಷಗಾನಕ್ಕೆ, 1600. ಮೂರಕ್ಕೂ ಬೇರೆ ಬೇರೆ ರೋಲ್, ಬೇರೆ ಬೇರೆ ಡೆವಲಪ್ ಸಮಯ. ಒಂದೇ ರೋಲಿನಲ್ಲಿ ಬಂದರು, ಆಟ ಎರಡನ್ನೂ ಬೆರೆಸಬೇಡಿ. ಫಿಲ್ಮ್ ತೊಳೆಯುವ ಟ್ಯಾಂಕಿನೊಳಗೆ ಇಡೀ ರೋಲ್ ಒಂದೇ ಸಮಯಕ್ಕೆ ತೊಳೆದು ಬರುತ್ತದೆ, ಅರ್ಧಕ್ಕೆ ಒಂದು ಅರ್ಧಕ್ಕೆ ಇನ್ನೊಂದು ಅಂತ ಮಾಡಲಾಗದು.

ಇನ್ನು ಯಾಕೆ ಹೀಗೆ ಅನ್ನುವುದು. ಇದು ಗೊತ್ತಿದ್ದರೆ ಮುಂದೆ ಯಾರನ್ನೂ ಕೇಳಬೇಕಾಗಿಲ್ಲ.

ನೆಗೆಟಿವ್‌ನಲ್ಲಿ ನೆರಳಿನ ಭಾಗ ಬರುತ್ತದೋ ಇಲ್ಲವೋ ಅನ್ನುವುದು ಶಟರ್ ಒತ್ತಿದ ಕ್ಷಣವೇ ತೀರ್ಮಾನವಾಗಿಬಿಡುತ್ತದೆ. ಅಲ್ಲಿ ಬೆಳಕು ಬಿದ್ದಿಲ್ಲ ಅಂದರೆ ಡೆವಲಪರ್ ಎಷ್ಟು ಹೊತ್ತು ಕೆಲಸ ಮಾಡಿದರೂ ಬೆಳೆಸಲು ಏನೂ ಇರುವುದಿಲ್ಲ. ಬೆಳಕಿನ ಭಾಗ ಹಾಗಲ್ಲ. ಬಿಳಿ ಅಂಗಿ, ಆಕಾಶ, ಹೊಳೆಯುವ ಲೋಹ ಇವೆಲ್ಲ ಡೆವಲಪರ್‌ನಲ್ಲಿ ಇದ್ದಷ್ಟು ಹೊತ್ತೂ ನೆಗೆಟಿವ್‌ನಲ್ಲಿ ಕಪ್ಪಾಗುತ್ತಲೇ ಹೋಗುತ್ತವೆ. ಅಂದರೆ ನೆರಳು ಕ್ಯಾಮೆರಾದ ಕೈಯಲ್ಲಿ, ಬೆಳಕು ಟ್ಯಾಂಕಿನ ಕೈಯಲ್ಲಿ. ರೇಟಿಂಗ್, ಪುಶ್ (ಬೆಳಕು ಕಡಿಮೆ ಕೊಟ್ಟು ಹೆಚ್ಚು ಹೊತ್ತು ತೊಳೆಯುವುದು), ಪುಲ್ (ಬೆಳಕು ಜಾಸ್ತಿ ಕೊಟ್ಟು ಕಡಿಮೆ ಹೊತ್ತು ತೊಳೆಯುವುದು) ಅಂತ ಜನ ಮಾತಾಡುವುದೆಲ್ಲ ಈ ಎರಡರ ಹೊಂದಾಣಿಕೆ, ಬೇರೇನಲ್ಲ.

ಡಬ್ಬಿ ಮೇಲಿನ 400 ಎಲ್ಲಿಂದ ಬಂತು? ಲ್ಯಾಬಿನ ಅಳತೆ ಅದು. ಬೆಳಕೇ ಬೀಳದ ಫಿಲ್ಮಿಗಿಂತ 0.1 ಡೆನ್ಸಿಟಿ (ನೆಗೆಟಿವ್ ಎಷ್ಟು ಕಪ್ಪಾಗಿದೆ ಅನ್ನುವ ಅಳತೆ) ಹೆಚ್ಚು ಬರಲು ಎಷ್ಟು ಬೆಳಕು ಬೇಕು ಅಂತ ನೋಡುತ್ತಾರೆ. ಅದರ 20 ಪಟ್ಟು ಬೆಳಕು ಬಿದ್ದ ಜಾಗದಲ್ಲಿ ಡೆನ್ಸಿಟಿ ಇನ್ನೊಂದು 0.8 ಏರುವ ಹಾಗೆ ಡೆವಲಪ್ ಮಾಡಿರಬೇಕು ಅನ್ನುವುದು ನಿಯಮ. ಆ ಲೆಕ್ಕದಿಂದ ಬರುವುದು ಐಎಸ್‌ಒ. ನೀವು ಮೀಟರಿನಲ್ಲಿ ಇಡುವ ನಂಬರಿಗೆ ಎಕ್ಸ್‌ಪೋಷರ್ ಇಂಡೆಕ್ಸ್ ಅನ್ನಬೇಕು. ಎರಡೂ ಒಂದೇ ಆಗಿರಬೇಕು ಅಂತೇನಿಲ್ಲ.

200ರ ಪಕ್ಷದವರ ಹಿಂದೆ ಒಂದು ಚರಿತ್ರೆಯೂ ಇದೆ. 1960ರಲ್ಲಿ ಫಿಲ್ಮಿನ ನಂಬರ್ ಅಳೆಯುವ ಅಮೆರಿಕದ ಎಎಸ್‌ಎ ಮಾನದಂಡ ಬದಲಾಯಿತು. ಅದುವರೆಗೆ ಎಕ್ಸ್‌ಪೋಷರ್ ಕಡಿಮೆ ಬೀಳದಿರಲಿ ಅಂತ ನಂಬರಿನಲ್ಲೇ ಒಂದಷ್ಟು ಸುರಕ್ಷತೆಯ ಅಂತರ ಸೇರಿಸಿಟ್ಟಿದ್ದರು, ಅದನ್ನು ಕಿತ್ತುಹಾಕಿದರು. ಕೊಡಕ್ ಟ್ರೈ-ಎಕ್ಸ್ ಫಿಲ್ಮ್ 200 ಇದ್ದದ್ದು 400 ಆಯಿತು. ಹೆಚ್ಚಾದದ್ದು ನಂಬರ್, ಫಿಲ್ಮಿನ ಶಕ್ತಿಯಲ್ಲ. ಹಾಗಾಗಿ ಇಂದಿಗೂ ಅರ್ಧ ರೇಟಿಂಗ್ ಇಟ್ಟು ತೆಗೆಯುವವರು ಆ ಹಳೇ ಅಂತರವನ್ನು ತಾವೇ ವಾಪಸ್ ಸೇರಿಸಿಕೊಳ್ಳುತ್ತಿದ್ದಾರೆ ಅಷ್ಟೇ.

ಇನ್ನೊಂದು ಕಾರಣ ಮೀಟರ್. ಇದನ್ನು ನೀವು ಖಂಡಿತ ಗಮನಿಸಬೇಕು, ಯಾಕೆಂದರೆ ನಿಮ್ಮದು ಅಪ್ಪನ ಕಾಲದ ಕ್ಯಾಮೆರಾ. ಎಷ್ಟೋ ಹಳೇ ಕ್ಯಾಮೆರಾಗಳ ಮೀಟರ್‌ಗಳು 1.35 ವೋಲ್ಟಿನ ಪಾದರಸದ ಸೆಲ್‌ಗೆ ಲೆಕ್ಕ ಹಾಕಿ ಮಾಡಿದವು. ಆ ಸೆಲ್ ಈಗ ಸಿಗುವುದಿಲ್ಲ. ಬದಲಿಗೆ 1.5 ವೋಲ್ಟಿನದು ಹಾಕಿದರೆ ಕೆಲವು ಮಾಡೆಲ್‌ಗಳಲ್ಲಿ ಮೀಟರ್ ಇರುವುದಕ್ಕಿಂತ ಜಾಸ್ತಿ ಬೆಳಕು ತೋರಿಸುತ್ತದೆ. ನೀವು ಅದನ್ನು ನಂಬಿ ಕಡಿಮೆ ಎಕ್ಸ್‌ಪೋಷರ್ ಕೊಡುತ್ತೀರಿ. ಅಂಥ ಕ್ಯಾಮೆರಾದಲ್ಲಿ 200 ಇಟ್ಟರೆ ನಿಜವಾಗಿ ಸಿಗುವುದು 400ರ ಎಕ್ಸ್‌ಪೋಷರೇ ಇರಬಹುದು. ಒಂದು ಒಳ್ಳೆಯ ಡಿಜಿಟಲ್ ಕ್ಯಾಮೆರಾ ಸಾಲ ತಂದು ಒಂದೇ ಗೋಡೆಗೆ ಎರಡನ್ನೂ ಹಿಡಿದು ನೋಡಿ. ಗೋಡೆ ಪೂರ್ತಿ ಫ್ರೇಮ್ ತುಂಬಿರಲಿ. ವ್ಯತ್ಯಾಸ ಎಷ್ಟು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ) ಅಂತ ಬರೆದಿಟ್ಟುಕೊಳ್ಳಿ. ಇದೊಂದು ಮಾಡದೆ ಬೇರೆಯವರ ರೇಟಿಂಗ್ ಕೇಳಿ ಪ್ರಯೋಜನವಿಲ್ಲ. ಅವರ ನಂಬರ್ ಅವರ ಮೀಟರಿಗೆ, ಅವರ ಶಟರಿಗೆ, ಅವರ ಥರ್ಮಾಮೀಟರಿಗೆ ಸರಿಹೊಂದಿದ್ದು.

ಈಗ ಬಂದರಿಗೆ ಬರೋಣ. ಏಪ್ರಿಲ್ ತಿಂಗಳ ಹತ್ತು ಗಂಟೆಯ ಬಿಸಿಲು. ದೋಣಿಯ ಕಪ್ಪು ಬದಿ, ಅದರ ನೆರಳಲ್ಲಿ ಕೂತು ಬಲೆ ಹೆಣೆಯುವವರ ಮುಖ ಒಂದು ಕಡೆ. ಬಿಳಿ ಬನಿಯನ್, ನೀರಿನ ಹೊಳಪು, ಮಂಜುಗಡ್ಡೆ ಇನ್ನೊಂದು ಕಡೆ. ಇಷ್ಟು ಅಂತರದ ಬೆಳಕಲ್ಲಿ 400 ಇಟ್ಟು ಮಾಮೂಲಿ ತೊಳೆದರೆ ಮುಖ ಮಸಿಯಾಗುತ್ತದೆ, ಬನಿಯನ್ ಸುಣ್ಣವಾಗುತ್ತದೆ. ಆದ್ದರಿಂದ 200 ಇಡಿ, ಅಂದರೆ ಎಲ್ಲದಕ್ಕೂ ಒಂದು ಸ್ಟಾಪ್ ಜಾಸ್ತಿ ಬೆಳಕು ಕೊಡಿ. ನೆರಳು ಎದ್ದು ಬರುತ್ತದೆ. ಹಾಗೆ ಕೊಟ್ಟದ್ದರಿಂದ ಬಿಳಿಯೂ ಇನ್ನಷ್ಟು ಏರುತ್ತದೆ, ಅಲ್ವಾ? ಅದನ್ನು ಟ್ಯಾಂಕಿನಲ್ಲಿ ಇಳಿಸಿ. ಡೆವಲಪ್ ಸಮಯವನ್ನು 15ರಿಂದ 20 ಶೇಕಡಾ ಕಡಿಮೆ ಮಾಡಿ. ಡಿ-76ಗೆ ಸಮಪಾಲು ನೀರು ಬೆರೆಸಿದಾಗ 400ಕ್ಕೆ ಇಲ್ಫರ್ಡ್ ಕೊಡುವ ಸಮಯ 20 ಡಿಗ್ರಿಯಲ್ಲಿ 11 ನಿಮಿಷ. ನಿಮ್ಮ ಬಂದರಿನ ರೋಲಿಗೆ ಅದು 9 ನಿಮಿಷ ಸಾಕು.

ಮಳೆಗಾಲದಲ್ಲಿ ತದ್ವಿರುದ್ಧ. ಜುಲೈ ತಿಂಗಳ ಕಡಲ ತೀರದಲ್ಲಿ ನೆರಳೂ ಇಲ್ಲ, ಹೊಳಪೂ ಇಲ್ಲ, ಎಲ್ಲ ಒಂದೇ ಬೂದಿ ಬಣ್ಣ. ಅಲ್ಲಿ 400 ಇಟ್ಟು ಪೂರ್ತಿ 11 ನಿಮಿಷ ತೊಳೆಯಿರಿ. ತೀರಾ ಚಪ್ಪಟೆ ಬೆಳಕಾದರೆ ಇನ್ನೊಂದು ನಿಮಿಷ ಸೇರಿಸಿದರೂ ಚೆನ್ನಾಗಿರುತ್ತದೆ. ಅಲ್ಲಿ 200 ಇಟ್ಟು ಸಮಯವನ್ನೂ ಇಳಿಸಿದರೆ ಫೋಟೋದಲ್ಲಿ ಜೀವವೇ ಇರುವುದಿಲ್ಲ.

ಇನ್ನು ಆಟ. 1600 ಇಟ್ಟಾಗ ಫಿಲ್ಮ್ ವೇಗವಾಗುವುದಿಲ್ಲ, ಇದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ನೀವು ಎರಡು ಸ್ಟಾಪ್ ಬೆಳಕು ಕಡಿಮೆ ಕೊಡುತ್ತಿದ್ದೀರಿ, ಅಷ್ಟೇ. ನೆರಳಿನ ಎರಡು ಸ್ಟಾಪ್ ಹೋಯಿತು, ಅದು ವಾಪಸ್ ಬರುವುದಿಲ್ಲ. ಸಮಯ ಹೆಚ್ಚಿಸಿ ತೊಳೆದಾಗ ನಡು ಟೋನ್ ಮತ್ತು ಬೆಳಕಿನ ಭಾಗ ಮೇಲೆ ಬರುತ್ತವೆ, ಮುಖ ಕಾಣಿಸುತ್ತದೆ, ಕಾಂಟ್ರಾಸ್ಟ್ ಏರುತ್ತದೆ. ಯಕ್ಷಗಾನಕ್ಕೆ ಈ ನಷ್ಟ ಅಷ್ಟೇನೂ ಭಾರವಲ್ಲ. ರಂಗಸ್ಥಳದ ಹಿಂದಿನ ಕತ್ತಲೆ ಕತ್ತಲೆಯಾಗಿಯೇ ಇದ್ದರೆ ವೇಷ ಇನ್ನೂ ಎದ್ದು ಕಾಣುತ್ತದೆ. ಕಷ್ಟ ಇರುವುದು ಮೀಟರಿನಲ್ಲಿ. ಫ್ರೇಮಿನ ಮುಕ್ಕಾಲು ಪಾಲು ಕಪ್ಪು ಇರುವುದರಿಂದ ಮೀಟರ್ ಜಾಸ್ತಿ ಎಕ್ಸ್‌ಪೋಷರ್ ಕೇಳುತ್ತದೆ, ಕೊಟ್ಟರೆ ಕಿರೀಟದ ಹೊಳಪು, ಬಣ್ಣದ ವೇಷದ ಮುಖದ ಬಿಳಿ ಚಿಟ್ಟಿ ಎಲ್ಲ ಒಂದೇ ಬಿಳಿ ಮುದ್ದೆಯಾಗುತ್ತದೆ. ರಂಗಸ್ಥಳದ ಬೆಳಕೇ ಬೀಳುವ ಜಾಗದಲ್ಲಿ ನಿಂತು ನಿಮ್ಮ ಅಂಗೈಗೆ ಮೀಟರ್ ಹಿಡಿಯಿರಿ, ಬಂದ ರೀಡಿಂಗ್‌ಗಿಂತ ಒಂದು ಸ್ಟಾಪ್ ಜಾಸ್ತಿ ಕೊಡಿ. ಚರ್ಮದ ಬಣ್ಣ ಏನೇ ಇರಲಿ, ಅಂಗೈ ಮಾತ್ರ ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಥರ, ಬೂದು ಕಾರ್ಡಿಗಿಂತ ಸುಮಾರು ಒಂದು ಸ್ಟಾಪ್ ಬೆಳಗಿರುತ್ತದೆ. ಒಮ್ಮೆ ಸಿಕ್ಕಿದ ಎಕ್ಸ್‌ಪೋಷರನ್ನು ಬೆಳಕು ಬದಲಾಗುವ ತನಕ ಮುಟ್ಟಬೇಡಿ.

ಈಗಿನ ಆಟಗಳಲ್ಲಿ ದೀಪ ಚೆನ್ನಾಗಿಯೇ ಇರುತ್ತದೆ. 800ಕ್ಕೆ 1/125 ಸಿಗುತ್ತಿದ್ದರೆ 1600ಕ್ಕೆ ಹೋಗಲೇಬೇಡಿ. ಬೇಕಾದ್ದಕ್ಕಿಂತ ಒಂದು ಸ್ಟಾಪೂ ಜಾಸ್ತಿ ಪುಶ್ ಮಾಡಬಾರದು. ಚೌಕಿಯೊಳಗೆ ಮಾತ್ರ ನನ್ನ ಸಲಹೆ ಬೇರೆ. ಅಲ್ಲಿ ಬಣ್ಣ ಹಚ್ಚುತ್ತಾ ಕೂತವರ ಸುತ್ತ ಇರುವ ಕತ್ತಲೆಯಲ್ಲೂ ನೋಡಬೇಕಾದ್ದು ಇರುತ್ತದೆ, ಪೆಟ್ಟಿಗೆ, ಗೆಜ್ಜೆ, ಕಟ್ಟಿಕೊಳ್ಳಲು ಕಾದಿರುವ ಬಟ್ಟೆ. 50 ಎಂಎಂ ಲೆನ್ಸನ್ನು ಪೂರ್ತಿ ತೆರೆದು, 1/30ರಲ್ಲಿ ಕೈ ಗಟ್ಟಿಯಾಗಿ ಹಿಡಿದು, 800ರಲ್ಲೇ ತೆಗೆಯಿರಿ. ಕೂತವರು ಹೆಚ್ಚು ಅಲುಗಾಡುವುದಿಲ್ಲ.

1600ರ ರೋಲಿಗೆ ಡಿ-76 ನೀರು ಬೆರೆಸದೆ ಬಳಸಿ, 20 ಡಿಗ್ರಿಯಲ್ಲಿ 12ವರೆ ನಿಮಿಷ. 800ಕ್ಕಾದರೆ 9ವರೆ. ಇಲ್ಫರ್ಡ್‌ನದೇ ಮೈಕ್ರೋಫೆನ್ ಡೆವಲಪರ್ ಸಿಕ್ಕಿದರೆ ರಾತ್ರಿಯ ರೋಲ್‌ಗಳಿಗೆ ಅದೇ ಒಳ್ಳೆಯದು. ಅದರಲ್ಲಿರುವ ಫೆನಿಡೋನ್ ನೆರಳಿನಲ್ಲಿ ಸುಮಾರು ಅರ್ಧ ಸ್ಟಾಪ್ ನಿಜವಾದ ಲಾಭ ಕೊಡುತ್ತದೆ. 1600ಕ್ಕೆ ಮೈಕ್ರೋಫೆನ್‌ನಲ್ಲಿ 11 ನಿಮಿಷ. ಡೆಲ್ಟಾ 3200 ಫಿಲ್ಮ್ ಕೊಳ್ಳಬೇಕೇ ಅಂತ ಮುಂದೆ ನಿಮಗೆ ಅನಿಸಬಹುದು. ಹೆಸರಲ್ಲಿ 3200 ಇದ್ದರೂ ಅದರ ಐಎಸ್‌ಒ 1000 ಅಂತ ಇಲ್ಫರ್ಡೇ ಹೇಳುತ್ತದೆ. ಎಚ್‌ಪಿ5ಗಿಂತ ನೆರಳು ಚೆನ್ನಾಗಿ ಬರುತ್ತದೆ ನಿಜ, ಬೆಲೆಯೂ ಜಾಸ್ತಿ. ಮೊದಲು ಇದರಲ್ಲಿ ಕೈ ಕೂರಲಿ.

ಡೆವಲಪರ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಡಿ-76 1920ರ ದಶಕದ್ದು, ಕೊಡಕ್‌ನ ಜಾನ್ ಕ್ಯಾಪ್‌ಸ್ಟಾಫ್ ರೂಪಿಸಿದ್ದು. ಲೀಟರಿಗೆ ಮೆಟೋಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೊರಾಕ್ಸ್ 2 ಗ್ರಾಂ. ಇಷ್ಟೇ. ಪ್ಯಾಕೆಟ್ ಸಿಗದಿದ್ದರೆ ಕೆಮಿಕಲ್ ಅಂಗಡಿಯಿಂದ ತಂದು ನೀವೇ ಮಾಡಿಕೊಳ್ಳಬಹುದು. ಸುಮಾರು 50 ಡಿಗ್ರಿಯ ಮುಕ್ಕಾಲು ಲೀಟರ್ ನೀರಿಗೆ ಮೊದಲು ಒಂದು ಚಿಟಿಕೆ ಸಲ್ಫೈಟ್, ಆಮೇಲೆ ಮೆಟೋಲ್, ಅದು ಕರಗಿದ ಮೇಲೆ ಉಳಿದ ಸಲ್ಫೈಟ್, ನಂತರ ಹೈಡ್ರೋಕ್ವಿನೋನ್, ಬೊರಾಕ್ಸ್. ಕೊನೆಗೆ ತಣ್ಣೀರು ಸೇರಿಸಿ ಒಂದು ಲೀಟರ್ ಮಾಡಿ. ಈ ಕ್ರಮ ತಪ್ಪಬಾರದು, ಸಲ್ಫೈಟ್ ಪೂರ್ತಿ ಹಾಕಿದ ನೀರಿನಲ್ಲಿ ಮೆಟೋಲ್ ಕರಗುವುದಿಲ್ಲ. ಗ್ಲೌಸ್ ಹಾಕಿಕೊಳ್ಳಿ, ಕೆಲವರ ಚರ್ಮಕ್ಕೆ ಮೆಟೋಲ್ ಆಗಿಬರುವುದಿಲ್ಲ. ಪುಡಿ ಮೂಗಿಗೆ ಹೋಗದಂತೆಯೂ ನೋಡಿಕೊಳ್ಳಿ.

ಆ 100 ಗ್ರಾಂ ಸಲ್ಫೈಟೇ ಡಿ-76ರ ಗುಟ್ಟು. ಡೆವಲಪರ್ ಕೆಡದಂತೆ ಕಾಯುವುದರ ಜೊತೆಗೆ ಅದು ಬೆಳ್ಳಿ ಲವಣದ ಕಣಗಳ ಅಂಚನ್ನು ಒಂಚೂರು ಕರಗಿಸುತ್ತದೆ, ಗ್ರೇನ್, ಅಂದರೆ ಚಿತ್ರದಲ್ಲಿ ಕಾಣುವ ಕಣಕಣ, ಮೆತ್ತಗಾಗುತ್ತದೆ. ಸಮಪಾಲು ನೀರು ಬೆರೆಸಿದರೆ ಸಲ್ಫೈಟ್ ಅರ್ಧವಾಗುತ್ತದೆ, ಗ್ರೇನ್ ಒಂದಿಷ್ಟು ಎದ್ದು ಕಾಣುತ್ತದೆ, ಚಿತ್ರ ಚೂಪಾಗುತ್ತದೆ. ಹಗಲಿನ ರೋಲಿಗೆ ನನಗೆ ಇದೇ ಇಷ್ಟ. ಒಮ್ಮೆ ಬಳಸಿ ಚೆಲ್ಲುವುದರಿಂದ ಪ್ರತಿ ಸಲ ಒಂದೇ ಫಲಿತಾಂಶವೂ ಸಿಗುತ್ತದೆ. ಒಂದು ಎಚ್ಚರಿಕೆ, ಡಿ-76 ಬಾಟಲಿಯಲ್ಲಿ ಹಳತಾದಂತೆ ಅದರ ಕ್ಷಾರ ಏರಿ ಚುರುಕಾಗುವುದುಂಟು. ಸಣ್ಣ ಸಣ್ಣ ಬಾಟಲಿಗಳಲ್ಲಿ ಗಾಳಿ ಇರದಂತೆ ತುಂಬಿಸಿ, ಮೇಲೆ ತಾರೀಕು ಬರೆದಿಡಿ.

ರೋಡಿನಾಲ್ 1891ರಿಂದ ಇರುವ ಡೆವಲಪರ್. ಬಾಟಲಿ ತೆರೆದ ಮೇಲೂ ವರ್ಷಗಟ್ಟಲೆ ಕೆಡದು, ಅದು ದೊಡ್ಡ ಗುಣ. ಬಳಸುವಾಗ ಅದರಲ್ಲಿ ಸಲ್ಫೈಟ್ ಬಹಳ ಕಡಿಮೆ, ಹಾಗಾಗಿ ಗ್ರೇನ್ ಮರಳಿನ ಹಾಗೆ ಗರಗರ ಕಾಣುತ್ತದೆ. ನೆರಳಿನ ವೇಗವನ್ನೂ ಒಂದಿಷ್ಟು ತಿನ್ನುತ್ತದೆ. ಎಫ್‌ಪಿ4ನಂಥ 125ರ ಫಿಲ್ಮಿಗೆ ಸೊಗಸು. ಎಚ್‌ಪಿ5 ಅನ್ನು 1600ಕ್ಕೆ ಪುಶ್ ಮಾಡಲು ಅದನ್ನು ಬಳಸಬೇಡಿ. ಒಂದಕ್ಕೆ ನೂರು ಪಾಲು ನೀರು ಹಾಕಿ ಗಂಟೆಗಟ್ಟಲೆ ಅಲುಗಾಡಿಸದೆ ಇಟ್ಟರೆ ಯಾವ ರೇಟಿಂಗಾದರೂ ನಡೆಯುತ್ತದೆ ಅಂತ ಹೇಳುವವರಿದ್ದಾರೆ. ನಿಮ್ಮ ಊರಿನ ಸೆಕೆಯಲ್ಲಿ ಅದನ್ನು ಮಾಡಿದರೆ ಸ್ಪ್ರಾಕೆಟ್ ತೂತುಗಳಿಂದ ಇಳಿದ ಗೀರುಗಳು ನೆಗೆಟಿವ್ ತುಂಬ ಇರುತ್ತವೆ, ನೆರಳಂತೂ ಬರುವುದಿಲ್ಲ.

ಎಕ್ಸ್‌ಟಾಲ್ ನಿಜಕ್ಕೂ ಒಳ್ಳೆಯದು. ಗ್ರೇನ್ ಸಣ್ಣದು, ನೆರಳೂ ಡಿ-76ಗಿಂತ ತುಸು ಹೆಚ್ಚು. ಆದರೆ ಅದು ವಿಟಮಿನ್ ಸಿ ಜಾತಿಯ ರಾಸಾಯನಿಕದ ಮೇಲೆ ನಿಂತಿದೆ, ನೀರಿನಲ್ಲಿ ಕಬ್ಬಿಣ ಇದ್ದರೆ ಬೇಗ ಸಾಯುತ್ತದೆ. ಸತ್ತರೂ ಬಣ್ಣ ಬದಲಾಗುವುದಿಲ್ಲ, ಬಾಟಲಿ ನೋಡಿ ಗೊತ್ತೇ ಆಗದು, ಫಿಲ್ಮ್ ಖಾಲಿ ಬಂದಾಗಲೇ ಗೊತ್ತಾಗುವುದು. ಕರಾವಳಿಯ ಕೆಂಪು ಕಲ್ಲಿನ ನೆಲದಲ್ಲಿ ಎಷ್ಟೋ ಬಾವಿಗಳ ನೀರಿನಲ್ಲಿ ಕಬ್ಬಿಣ ಇರುತ್ತದೆ. ಬಕೆಟ್ಟಿನಲ್ಲಿ ತುಕ್ಕಿನ ಬಣ್ಣದ ಕಲೆ ಕೂರುತ್ತಿದ್ದರೆ ನಿಮ್ಮದೂ ಅದೇ. ಡಿಸ್ಟಿಲ್ಡ್ ವಾಟರ್ ಕ್ಯಾನ್ ತರುವುದಾದರೆ ಮಾತ್ರ ಎಕ್ಸ್‌ಟಾಲ್ ತೆಗೆದುಕೊಳ್ಳಿ. ಡಿ-76ಗೂ ಆ ನೀರೇ ಲೇಸು. ಕೊನೇ ತೊಳೆತಕ್ಕೂ ಅದನ್ನೇ ಬಳಸಿದರೆ ಫಿಲ್ಮ್ ಒಣಗಿದಾಗ ಕಲೆ ಉಳಿಯುವುದಿಲ್ಲ. ಎಚ್‌ಸಿ-110 ದ್ರವ ರೂಪದ್ದು, ಅನುಕೂಲ. ನಿಮಗೆ ಅದರಲ್ಲಿ ತೊಂದರೆ ಏನೆಂದರೆ ಒಂದಕ್ಕೆ 31 ಪಾಲು ನೀರು ಬೆರೆಸಿದಾಗ 400ಕ್ಕೆ 20 ಡಿಗ್ರಿಯಲ್ಲೇ 5 ನಿಮಿಷ, ನಿಮ್ಮ ಸೆಕೆಗೆ ಅದು ಮೂರಕ್ಕೆ ಇಳಿಯುತ್ತದೆ. ಐದು ನಿಮಿಷಕ್ಕಿಂತ ಕಡಿಮೆ ಆದರೆ ಡೆವಲಪ್ ಸಮನಾಗಿ ಆಗದೆ ಆಕಾಶದಲ್ಲಿ ಪಟ್ಟೆ ಬೀಳುವ ಅಪಾಯ ಇದೆ.

ತಾಪಮಾನದ ವಿಷಯ ಇಲ್ಲಿಗೆ ಬಂತು. 20 ಡಿಗ್ರಿಗಾಗಿ ಒದ್ದಾಡಬೇಡಿ, 24ಕ್ಕೆ ತನ್ನಿ. ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು, ಐಸ್ ಹಾಕಿ ಡೆವಲಪರ್, ಸ್ಟಾಪ್ ಬಾತ್ (ಡೆವಲಪ್ ನಿಲ್ಲಿಸುವ ದ್ರಾವಣ), ಫಿಕ್ಸರ್ (ಚಿತ್ರ ಉಳಿಯುವಂತೆ ಮಾಡುವ ದ್ರಾವಣ) ಬಾಟಲಿಗಳನ್ನೂ ಟ್ಯಾಂಕನ್ನೂ ಅದರಲ್ಲಿ ಕೂರಿಸಿ. ಐಸನ್ನು ಡೆವಲಪರ್ ಒಳಗೆ ಹಾಕಬೇಡಿ, ಅಳತೆ ಕೆಡುತ್ತದೆ. 24 ಡಿಗ್ರಿಯಲ್ಲಿ ಸಮಯ 20ರದ್ದರ ಸುಮಾರು 70 ಶೇಕಡಾ. ಅಂದರೆ ಮೇಲೆ ಹೇಳಿದ 9 ನಿಮಿಷ ಆರೂಕಾಲು ಆಗುತ್ತದೆ, 11 ಇದ್ದದ್ದು ಏಳೂಮುಕ್ಕಾಲು, ಆಟದ ರೋಲಿನ 12ವರೆ ಎಂಟೂಮುಕ್ಕಾಲು. ಕೊನೆಯ ನೀರಿನವರೆಗೂ ತಾಪಮಾನ ಹೆಚ್ಚು ಏರಿಳಿಯದಿರಲಿ. 24ರ ಡೆವಲಪರ್ ಆದ ಮೇಲೆ 29ರ ಬಾವಿ ನೀರಿಗೆ ನೇರ ಹಾಕುವುದು ಬೇಡ, ಒಂದೆರಡು ಬಾಟಲಿ ನೀರನ್ನೂ ಅದೇ ಟಬ್ಬಿನಲ್ಲಿ ತಣಿಸಿಟ್ಟುಕೊಳ್ಳಿ. ಮೊದಲ 10 ಸೆಕೆಂಡಿನಲ್ಲಿ ಟ್ಯಾಂಕನ್ನು ನಾಲ್ಕು ಸಲ ಮಗುಚಿ, ಆಮೇಲೆ ಪ್ರತಿ ನಿಮಿಷದ ಆರಂಭಕ್ಕೆ ನಾಲ್ಕು ಸಲ. ಸುಮ್ನೆ ಜಾಸ್ತಿ ಅಲುಗಾಡಿಸಿದರೂ ಬಿಳಿ ಭಾಗ ಏರುತ್ತದೆ, ಹಾಗಾಗಿ ಇದೂ ಪ್ರತಿ ಸಲ ಒಂದೇ ಥರ ಇರಬೇಕು.

ನಾನು ಕೊಟ್ಟ ಸಮಯಗಳು ಶುರು ಮಾಡಲಿಕ್ಕೆ ಮಾತ್ರ. ಐಡಿ-11 ಮತ್ತು ಡಿ-76 ಹೆಚ್ಚುಕಮ್ಮಿ ಒಂದೇ ಡೆವಲಪರ್, ಆದರೂ ಸಮಪಾಲು ನೀರಿಗೆ ಇಲ್ಫರ್ಡ್ ಪಟ್ಟಿಯಲ್ಲಿ ಒಂದಕ್ಕೆ 13 ನಿಮಿಷ, ಇನ್ನೊಂದಕ್ಕೆ 11 ಇದೆ. ತಯಾರಕರ ಪಟ್ಟಿಯೇ ಹೀಗಿರುವಾಗ ನಿಮ್ಮ ಸಮಯವನ್ನು ನೀವೇ ಹುಡುಕಿಕೊಳ್ಳಬೇಕು. ಅದಕ್ಕೆ ಒಂದು ರೋಲ್ ಸಾಕು.

ಬಿಸಿಲಿನ ಅಂಗಳದಲ್ಲಿ ಬಿಳಿ ಪಂಚೆ ಹರವಿ, ಪಕ್ಕದ ನೆರಳಿನಲ್ಲಿ ಕರಿ ಕೊಡೆಯ ಬಟ್ಟೆ ಮಡಿಕೆ ಕಾಣುವಂತೆ ಇಡಿ. ಎರಡೂ ಒಂದೇ ಫ್ರೇಮಿನಲ್ಲಿ ಬರಲಿ. 100, 200, 400, 800 ಅಂತ ನಾಲ್ಕು ತೆಗೆಯಿರಿ, ಇದನ್ನೇ ರೋಲ್ ಮುಗಿಯುವ ತನಕ ಮತ್ತೆ ಮತ್ತೆ ಮಾಡಿ. ಕತ್ತಲೆಯಲ್ಲಿ ಫಿಲ್ಮನ್ನು ನಡುವೆ ಕತ್ತರಿಸಿ. ಒಂದು ತುಂಡನ್ನು ಏಳೂಮುಕ್ಕಾಲು ನಿಮಿಷಕ್ಕೆ, ಇನ್ನೊಂದನ್ನು ಆರೂಕಾಲಿಗೆ ತೊಳೆಯಿರಿ. ಒಣಗಿದ ಮೇಲೆ ಕೊಡೆಯ ಮಡಿಕೆ ಮೊದಲು ನೋಡಿ. ಯಾವ ನಂಬರಿನವರೆಗೆ ಮಡಿಕೆ ಸ್ಪಷ್ಟವಾಗಿ ಕಾಣುತ್ತದೋ ಅದೇ ನಿಮ್ಮ ಕ್ಯಾಮೆರಾದಲ್ಲಿ ಎಚ್‌ಪಿ5ರ ನಿಜವಾದ ರೇಟಿಂಗ್. ಅದು 400 ಬಂದರೂ ಸರಿ, 100 ಬಂದರೂ ಸರಿ. ಅಲ್ಲಿ ಸಿಕ್ಕಿದ ನಂಬರನ್ನು ನಾನು ಹೇಳಿದ 200ರ ಜಾಗದಲ್ಲಿ ಇಟ್ಟುಕೊಳ್ಳಿ.

ಆಮೇಲೆ ಆ ಫ್ರೇಮನ್ನು ನ್ಯೂಸ್‌ಪೇಪರ್ ಮೇಲೆ ಇಟ್ಟು, ಪಂಚೆಯ ಕಪ್ಪು ಭಾಗದ ಮೂಲಕ ಅಕ್ಷರ ಓದಲು ನೋಡಿ. ಒಳ್ಳೆಯ ಬೆಳಕಿನಲ್ಲಿ ಅಕ್ಷರ ಕಷ್ಟಪಟ್ಟು ಓದುವಷ್ಟು ಕಂಡರೆ ಸಮಯ ಸರಿ ಇದೆ. ಏನೂ ಕಾಣದಿದ್ದರೆ ಮುಂದಿನ ರೋಲಿಗೆ 10 ಶೇಕಡಾ ಇಳಿಸಿ, ತೀರಾ ಸಲೀಸಾಗಿ ಓದಿದರೆ 10 ಶೇಕಡಾ ಏರಿಸಿ. ಡಿಜಿಟಲ್ ಕ್ಯಾಮೆರಾದಿಂದ ನೆಗೆಟಿವ್ ಸ್ಕ್ಯಾನ್ ಮಾಡುವವರಾದರೆ ತುಸು ತೆಳು ಇದ್ದರೂ ನಡೆಯುತ್ತದೆ, ಪ್ರಿಂಟ್ ಹಾಕುವವರಾದರೆ ತುಂಬಿಕೊಂಡಿರಲಿ. ಆಟದ ರೋಲಿಗೆ ಈ ಕೊಡೆಯ ಲೆಕ್ಕ ಬೇಡ, ಅಲ್ಲಿ ವೇಷದ ಮುಖದ ಭಾಗದಿಂದ ಅಕ್ಷರ ಓದಿ ನೋಡಿ ಸಮಯ ಹೊಂದಿಸಿಕೊಳ್ಳಿ.